ನಾಡಿ ಎಪ್ಪತ್ತೆರಡು

ಜೈಲಿನ ಔಷಧಿ ಕೋಣೆ,
ಸೋಮವಾರ, ಜೂನ್ ೯

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಂತುಕೊಂಡೇ ಎಲ್ಲರಿಗೂ 'ರೆಸ್ಟ್ ತಗೊಳ್ಳಿ' ಅನ್ನುವ ನರ್ಸಮ್ಮ ನೀನು, ನಿನಗೆ ಹೇಳುವವರು ಯಾರು? ಭಾವ ಸಕ್ಕರೆ ಬಿಟ್ಟರೋ, ನೀನು ಬೆನ್ನು ತಿರುಗಿಸುವುದನ್ನೇ ಕಾಯುತ್ತಾರೋ?

ನಾನು ಚೆನ್ನಾಗಿದ್ದೇನೆ. ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಲೂ ಇದ್ದಾರೆ, ಅನುಮಾನ ಬಂದಿರುವುದೇ ಅದಕ್ಕೆ. ಎರಡು ವರ್ಷ 'ಏಯ್ ಕಂಪೌಂಡರ್' ಅಂತ ಕೂಗಿದ ಮುಖ್ಯ ವಾರ್ಡರ್ ನಾಲ್ಕು ದಿನದಿಂದ 'ತಮ್ಮಾ' ಅನ್ನುತ್ತಿದ್ದಾನೆ. ಕಾಲು ಮುರಿದ ನನ್ನ ಕುರ್ಚಿ ಹೋಗಿ ಮೆತ್ತನೆಯದು ಬಂದಿದೆ. ತಿಂಗಳಿಗೊಮ್ಮೆ ಮುಖ ತೋರಿಸುವ ಡಾಕ್ಟರ್ ನಿನ್ನೆ ಬಂದು ಹೆಗಲ ಮೇಲೆ ಕೈಹಾಕಿ 'ರಿಜಿಸ್ಟರ್ ಕ್ಲೀನಾಗಿದೆ ಬಿಡಯ್ಯ' ಅಂದರು. ಜೈಲಿನ ದೊಡ್ಡ ಸಾಹೇಬರು ಟೀ ಕಳಿಸಿದರು. ವಾಶ್‌ಬೇಸಿನ್‌ಗೆ ಸುರಿದೆ.

ಇಲ್ಲಿ ಹುಷಾರಿಲ್ಲ ಅಂದವನ ಹೆಸರು 'ಕಲಾವಿದ', ನಾಟಕದವನು ಅಂತ. ಬೆಳಿಗ್ಗೆ ಏಳಕ್ಕೆ ಕೈದಿಗಳು ಔಷಧಿ ಕಿಂಡಿಯ ಮುಂದೆ ಸಾಲುಗಟ್ಟಿದರೆ 'ಇವತ್ತೆಷ್ಟು ಜನ ಕಲಾವಿದರಪ್ಪಾ?' ಅಂತ ವಾರ್ಡರ್ ನಗುತ್ತಾನೆ. ಮಾತ್ರೆ ಕೊಟ್ಟು, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಟಾರ್ಚು ಬಿಟ್ಟು ನೋಡುವುದು ನನ್ನ ಕೆಲಸ. ನುಂಗಿದ್ದಾನೋ, ಮಾರಲು ಅಡಗಿಸಿದ್ದಾನೋ! ಎರಡು ವರ್ಷ ಇದನ್ನೇ ಮಾಡಿದವನಿಗೆ ಮನುಷ್ಯರ ಬಾಯೆಲ್ಲ ಕಳ್ಳಮಾಲಿನ ಗೂಡಾಗಿ ಕಾಣುತ್ತದೆ.

ಹೊಲಿಗೆ ಶೆಡ್ಡಿನ ಟೈಲರ್ ತಾತ ಕಳೆದ ವಾರ ಮೂರು ದಿನ ಆ ಸಾಲಿಗೆ ಬಂದ. ತೀರ್ಪೇ ಆಗದ ಕೇಸು, ಜಾಮೀನಿಗೆ ಜನವಿಲ್ಲ. 'ಎದೆ ಮೇಲೆ ಯಾರೋ ಕೂತಂಗಿದೆ ಸಾರ್' ಅಂದ. ಮೊದಲೆರಡು ದಿನವೂ ದೊಡ್ಡಾಸ್ಪತ್ರೆಗೆ ಕಳಿಸಿ ಅಂತ ಚೀಟಿ ಬರೆದೆ. ಬೆಂಗಾವಲಿಗೆ ಪೊಲೀಸರಿಲ್ಲ ಅಂತ ಎರಡೂ ವಾಪಸು ಬಂದವು. ಮೂರನೆಯ ದಿನ, ಗುರುವಾರ, ಹೊಲಿಗೆ ಮಿಷನ್ನಿನ ಮೇಲೇ ತಲೆಯಿಟ್ಟು ಸತ್ತ. ಅರ್ಧ ಹೊಲಿದ ಕಾಲರ್ ಸೂಜಿಯಡಿ ಇತ್ತು. ಅದು ವಾರ್ಡರನ ಅಂಗಿ! ಬಡವನ ನೋವಿಗೆ ಇಲ್ಲಿ ಸಾಕ್ಷಿ ಬೇಕು, ಸಾವಿಗೆ ಬೇಡ.

ಈಗ ಆ ಚೀಟಿಗಳೆರಡೂ ನನ್ನ ಡ್ರಾಯರಿನಿಂದ ಮಾಯ. ಉಳಿದಿರುವುದು ರಿಜಿಸ್ಟರಿನಲ್ಲಿ ಗುರುವಾರದ ಒಂದೇ ಸಾಲು: 'ಪರೀಕ್ಷಿಸಲಾಗಿದೆ. ನಾಡಿ ಎಪ್ಪತ್ತೆರಡು. ತೊಂದರೆ ಇಲ್ಲ.' ಬರುವ ಸೋಮವಾರ ತಾತನ ಸಾವಿನ ವಿಚಾರಣೆ. ಆ ಸಾಲನ್ನು ನಾನು ಓದಿದರೆ ಸಾಕಂತೆ. ಅದಕ್ಕೇ ಕುರ್ಚಿ, ಅದಕ್ಕೇ ಟೀ. ತಾತನ ಮಗಳು ದಿನಾ ಗೇಟಿನ ಹೊರಗೆ ನಿಂತು 'ಅಪ್ಪನ್ನ ಯಾರಾದ್ರೂ ಮುಟ್ಟಿ ನೋಡಿದ್ರಾ?' ಅಂತ ಹೋಗಿಬರುವವರನ್ನೆಲ್ಲ ಕೇಳುತ್ತಾಳೆ.

ಈ ಕಾಗದವನ್ನು ಜೈಲಿನ ಅಂಚೆ ಡಬ್ಬಕ್ಕೆ ಹಾಕುವುದಿಲ್ಲ. ಲಕೋಟೆ ಬಿಚ್ಚಿ ಅಂಟಿಸಿದಂತೆ ಕಂಡರೆ ತಿಳಿಸು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನೀನು ಸ್ವಲ್ಪ ಕೂರು, ನನ್ನಾಣೆ.

ನಿನ್ನ ಒಬ್ಬನೇ
ತಮ್ಮ

ತಾ.ಕ.: ಅಕ್ಕಾ, ಆ ಸಾಲನ್ನು ಯಾರೂ ತಿದ್ದಿಲ್ಲ. ಅಕ್ಷರ ನನ್ನದೇ. ಗುರುವಾರ ತಾತ ಕೈ ಚಾಚಿದ, ನಾನು ಹಿಡಿಯಲಿಲ್ಲ. 'ಏನ್ ತಾತ, ಇವತ್ತೂ ನಾಟಕನಾ?' ಅಂದೆ. ವಾರ್ಡರ್ ನಕ್ಕ, ನಾನೂ ನಕ್ಕೆ, ಎಪ್ಪತ್ತೆರಡು ಅಂತ ಬರೆದೆ. 'ರೋಗಿ ಸುಳ್ಳು ಹೇಳಬಹುದು, ನಾಡಿ ಹೇಳಲ್ಲ ಕಣೋ' ಅಂತ ನನ್ನ ಬೆರಳು ಹಿಡಿದು ಕಲಿಸಿದವಳು ನೀನು. ವಿಚಾರಣೆಯಲ್ಲಿ ಮುಟ್ಟದೇ ಬರೆದೆ ಅಂತಲೇ ಹೇಳುತ್ತೇನೆ, ಅಂದುಕೊಂಡಿದ್ದೇನೆ. ಆದರೆ ಕುರ್ಚಿ ತುಂಬಾ ಮೆತ್ತಗಿದೆ. ಸೋಮವಾರ ಸಂಜೆಯೊಳಗೆ ನನ್ನ ಫೋನ್ ಬರದಿದ್ದರೆ, ಈ ಕಾಗದ ತಂದು ಗೇಟಿನ ಹೊರಗೆ ನಿಂತವಳ ಕೈಗೆ ಕೊಡು.