ಕೈಗವಸಿನ ತೂತು

ಅಕ್ಕಾ,

ಚೆನ್ನಾಗಿದ್ದೇನೆ ಎಂದೇ ಶುರು ಮಾಡಬೇಕಿತ್ತು, ಆದರೆ ಹಾಗೆ ಬರೆದರೆ ಸುಳ್ಳಾಗುತ್ತದೆ. ಇಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಬೆರಳುದ್ದದ ಸಸಿಗಳಿಗೆ ಬಿಸಿ ತಾಗಿಸುತ್ತೇವೆ. ಗಿಡದ ಜೀನುಗಳು ಆರ್‌ಎನ್‌ಎ ಎಂಬ ಚೀಟಿಯಲ್ಲಿ ಆಜ್ಞೆ ಬರೆದು ಕಳಿಸುತ್ತವೆ. ಬಿಸಿ ತಾಗಿದೊಡನೆ ಗಿಡ ಬೇಡದ ಚೀಟಿಗಳನ್ನು ಹರಿದುಹಾಕಿ, ಬೇಕಾದವನ್ನು ಕಾಪಾಡಿಕೊಳ್ಳುತ್ತದೆ. ಯಾವುದು ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯಲು, ಹೊಸ ಚೀಟಿ ಬರೆಯುವುದನ್ನೇ ನಿಲ್ಲಿಸುವ ಔಷಧಿ ಹಾಕುತ್ತೇವೆ. ಮನುಷ್ಯರ ಮೈಯಲ್ಲೂ ಅದು ಅದೇ ಕೆಲಸ ಮಾಡುತ್ತದೆ.

ನಿನ್ನೆ ಅದನ್ನು ಹಾಕಿ ಕೈಗವಸು ಕಳಚಿದರೆ ಬೆರಳು ಒದ್ದೆ. ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತು. ಜೀವ ಬಾಯಿಗೆ ಬಂತು. ಕೆಲಸ ಹೋದೀತೆಂದು ಮುಚ್ಚಿಟ್ಟಿದ್ದನ್ನು ಪ್ರಯೋಗಾಲಯ ನಡೆಸುವ ಮೇಡಂ ಮುಂದೆ ಹೇಳಿಯೇಬಿಟ್ಟೆ: "ಮೇಡಂ, ನನಗೀಗ ಮೂರು ತಿಂಗಳು."

ಅವರ ಮುಖ ಬಿಳಿಚಿಕೊಂಡಿತು. "ಮೊದ್ಲೇ ಯಾಕಮ್ಮಾ ಹೇಳ್ಲಿಲ್ಲ? ಆ ಸೀಸೆ ಹತ್ರಾನೂ ಬಿಡ್ತಿರ್ಲಿಲ್ವಲ್ಲ ನಿನ್ನ!" ಎನ್ನುತ್ತಾ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆ ತೊಳೆಸಿದರು. ತಾವೇ ಆಸ್ಪತ್ರೆಗೆ ಕರೆದೊಯ್ದರು.

ಚರ್ಮ ಒಡೆದಿಲ್ಲ, ಮಗುವಿಗೆ ಏನೂ ಆಗಿರಲಾರದು ಎಂದರು ಡಾಕ್ಟರ್. ಮಗುವಿನ ಎದೆಬಡಿತ ಕೇಳಿಸಿದರು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬಡಿದುಕೊಳ್ಳುತ್ತಿತ್ತು. ಅದು ಹಾಗೆಯೇ ಇರುತ್ತದಂತೆ. ಆದರೂ ಹದಿನೈದು ದಿನ ಬಿಟ್ಟು ಮತ್ತೆ ಬಾ ಎಂದಿದ್ದಾರೆ. 'ಆಗಿಲ್ಲ' ಎನ್ನಲಿಲ್ಲ ಅಕ್ಕಾ, 'ಆಗಿರಲಾರದು' ಎಂದರು.

ಕೆಲಸ ಹೋಗಿಲ್ಲ, ಔಷಧಿ ಮುಟ್ಟದ ಕೆಲಸ ಕೊಟ್ಟಿದ್ದಾರೆ. ನಮ್ಮ ಮನೆಯವರಿಗೆ ರಜೆಯಿಲ್ಲ. ಅಮ್ಮನನ್ನು ಹೆದರಿಸಬೇಡ, ಏನಾದರೊಂದು ನೆಪ ಹೇಳಿ ನೀನು ಬಂದುಬಿಡು. ಅಂದು ಆ ಆಸ್ಪತ್ರೆಯ ಬಾಗಿಲೊಳಗೆ ಒಬ್ಬಳೇ ಹೋಗಲಾರೆ.

ನಿನ್ನ ತಂಗಿ