ರೆಕ್ಕೆ ಬಂದ ಹಂದಿ

ಬಂಗಾರಪೇಟೆ
೯-೫-೨೦೨೫

ಪ್ರೀತಿಯ ತಂಗಿ ಕವಿತಳಿಗೆ,

ನಿನ್ನ ಅಕ್ಕ ರತ್ನಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕರಿ ಹಸು ಹೆಣ್ಣುಗರು ಹಾಕಿದೆ. ಯುಗಾದಿಗೇ ಬರೆಯಬೇಕಿತ್ತು, ನಾಳೆ ನಾಳೆ ಅಂತ ತಳ್ಳಿದೆ, ಬೈಯಬೇಡ. ಫೋನಿನಲ್ಲಿ ಹೇಳಹೊರಟರೆ ಮಾತು ಮುಗಿಯುವ ಮೊದಲೇ ಅಳುತ್ತೇನೆ, ಅದಕ್ಕೇ ಕಾಗದ.

ನನಗೆ ಡ್ರೈವಿಂಗ್ ಲೈಸೆನ್ಸ್ ಬಂತು ಕಣೇ.

ನಿನ್ನ ಭಾವನಿಗೆ ಕಣ್ಣು ಮಂಜಾದ ಮೇಲೆ ಲಗೇಜ್ ಆಟೋ ಕೊಟ್ಟಿಗೆ ಪಕ್ಕ ನಿಂತೇಬಿಟ್ಟಿತ್ತು. ಬೆಳೆದ ಸೊಪ್ಪು ಸಾಗಿಸಲು ಕಂಡವರ ಗಾಡಿಗೆ ಕಾಯಬೇಕು. ನಾನೇ ಓಡಿಸುತ್ತೇನೆ ಅಂದೆ. ಅವರು ಮುದ್ದೆ ಮುರಿಯುತ್ತಾ, "ಪಿಗ್ಸ್ ಮೈಟ್ ಫ್ಲೈ" ಅಂದರು. ಅಪ್ಪ ಊರಿಗಾಂ ಚಿನ್ನದ ಗಣಿಯ ಸಾಹೇಬರಿಂದ ಕಲಿತು ಮನೆಗೆ ತಂದ ಮಾತು ನೆನಪಿದೆಯಲ್ಲ? ಯಾರು ಏನು ಆಸೆಪಟ್ಟರೂ ಅದೇ: ಹಂದಿಗೆ ರೆಕ್ಕೆ ಬಂದಾಗ ನೋಡೋಣ. ಅಪ್ಪ ಹೋದರೂ ಅಳಿಯ ಬಿಟ್ಟಿಲ್ಲ.

ಮೊದಲ ಟೆಸ್ಟಿನಲ್ಲಿ ಮಾನ ಹೋಯಿತು. ಆಟೋ ಹಿಂದಕ್ಕೆ ಬಿಡುವಾಗ ಹಳೇ ಎತ್ತಿನಗಾಡಿ ಅಭ್ಯಾಸಕ್ಕೆ "ಹೋ... ಹೋ" ಅಂತ ಕೂಗಿದೆನೇ ಹೊರತು ಕಾಲು ಬ್ರೇಕಿಗೆ ಹೋಗಲಿಲ್ಲ. ಟೆಸ್ಟಿಗೆ ನೆಟ್ಟಿದ್ದ ಕಂಬ ಬಿತ್ತು.

"ಅದ್ಕೇನು ಕಿವಿ ಅವಾ?" ಅಂತ ನಿನ್ನ ಭಾವ ಹೊಟ್ಟೆ ಹಿಡಿದು ನಕ್ಕರು. ಮಾರನೇ ದಿನದಿಂದ ತಾವೇ ಪಕ್ಕದಲ್ಲಿ ಕೂತು, "ಹೋ" ಅನ್ನದ ಹಾಗೆ ನನ್ನ ಬಾಯಿಗೆ ಟವಲು ಕಟ್ಟಿಸಿ, ಒಣಗಿದ ಕೆರೆಯಂಗಳದಲ್ಲಿ ಕಲಿಸಿದರು. ಎರಡನೇ ಸಲ ಪಾಸು.

ಮೊನ್ನೆ ಸೊಪ್ಪು ತುಂಬಿಕೊಂಡು, ನಿನ್ನ ಭಾವನನ್ನು ಪಕ್ಕ ಕೂರಿಸಿಕೊಂಡು ರಾಬರ್ಟ್‌ಸನ್‌ಪೇಟೆಗೆ ನಾನೇ ಓಡಿಸಿದೆ. ಬೋರ್ಡು ಬರೆಯುವ ಸೆಲ್ವರಾಜನ ಹತ್ತಿರ ಆಟೋ ಹಿಂದೆ ರೆಕ್ಕೆಯಿರುವ ಹಂದಿ ಬರೆಸಿದೆ.

"ಎನ್ನಮ್ಮಾ ಇದು, ಎಲ್ಲಾರೂ ಸಾಮಿ ಬರುಸ್ತಾರೆ" ಅಂದ ಅವನು.

"ಬರಿಯಪ್ಪಾ, ನಾನೇ ಸೋತಿದೀನಿ" ಅಂದರು ನಿನ್ನ ಭಾವ. ಅವರ ಮುಖ ನೋಡಿ ನನಗೆ ಎಷ್ಟು ಸಂತೋಷವಾಯಿತೋ ಹೇಳಲಾರೆ.

ಗಂಡ ಮಕ್ಕಳ ಜೊತೆ ಹೊಟ್ಟೆ ತಣ್ಣಗೆ ಬಾಳು.

ನಿನ್ನ ಅಕ್ಕ,
ರತ್ನಮ್ಮ

ಮರೆತದ್ದಲ್ಲ, ಕಡೆಗೆ ಉಳಿಸಿಕೊಂಡದ್ದು: ಆಗ ನಿನಗೆ ಹತ್ತೊಂಬತ್ತು ವರ್ಷ. ಡ್ರೈವಿಂಗ್ ಕಲೀತೀನಿ ಅಂತ ನೀನು ಅಪ್ಪನ ಮುಂದೆ ನಿಂತಿದ್ದೆ. ಅಪ್ಪ ಯೋಚಿಸುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ "ಪಿಗ್ಸ್ ಮೈಟ್ ಫ್ಲೈ" ಅಂದವಳು ನಾನು. ಎಲ್ಲರೂ ನಕ್ಕರು. ನೀನು ಮತ್ತೆ ಯಾವತ್ತೂ ಏನನ್ನೂ ಕೇಳಲಿಲ್ಲ. ಹಂದಿಯ ಕೆಳಗೆ ಯಾರ ಹೆಸರು ಬರೀಲಿ ಅಂತ ಸೆಲ್ವರಾಜ್ ಕೇಳಿದ. ನಿನ್ನದು ಬರೆಸಿದೆ. ಮಳೆಗೆ ಮೊದಲು ಬಾ, ಕೆರೆಯಂಗಳ ಇನ್ನೂ ಒಣಗೇ ಇದೆ.