ಕೆಮ್ಮಿನ ಔಷಧಿ ನಿಲ್ಲಿಸಿದ ದಿನ

೧೪ ನವೆಂಬರ್ ೧೯೮೮, ಅಫಜಲಪುರ

ಕಂಪನಿಯ ಮುಖ್ಯಸ್ಥೆಯಾದ ಮೇಲೆ ಇಂಥ ಆದೇಶ ಕೊಟ್ಟಿದ್ದು ಇದೇ ಮೊದಲು.

ರಜೆಗೆಂದು ಅಕ್ಕನ ಮನೆಗೆ ಬಂದಿದ್ದೆ. ಬೆಳಿಗ್ಗೆ ಔಷಧಿ ಅಂಗಡಿಯ ಶರಫುದ್ದೀನ ಓಡಿ ಬಂದರು. "ಬಾಯಾರ, ನಿಮ್ಮ ಕಂಪನಿ ಕೆಮ್ಮಿನ ಔಷಧಿ ಕುಡಿದು ಮಣ್ಣೂರಿನ ಎರಡು ಕೂಸು ಎಬ್ಬಿಸಿದ್ರೂ ಏಳವಲ್ವು. ದವಾಖಾನ್ಯಾಗ ಅದಾವ್ರಿ," ಎಂದರು.

ಹೈದರಾಬಾದಿನ ಕಚೇರಿಗೆ ಟ್ರಂಕ್ ಕಾಲ್ ಮಾಡಿದೆ. ಪರೀಕ್ಷೆಯ ವರದಿ ಬರಲಿ, ಈಗಲೇ ಮಾರಾಟ ನಿಲ್ಲಿಸಿದರೆ ಕಂಪನಿ ಮುಳುಗುತ್ತದೆ ಎಂದು ನಿರ್ದೇಶಕರು ಕೂಗಾಡಿದರು. "ಹೆಂಗಸು ಹೆದರಿದ್ದಾಳೆ" ಎಂದು ಹಿಂದಿನಿಂದ ಯಾರೋ ನಕ್ಕಿದ್ದೂ ಕೇಳಿಸಿತು. ಹೌದು, ಹೆದರಿದ್ದೇನೆ. "ಇವತ್ತೇ ಎಲ್ಲ ಬಾಟಲಿ ವಾಪಸ್ ತರಿಸಿ," ಎಂದು ಫೋನ್ ಇಟ್ಟೆ. ನನ್ನ ಕುರ್ಚಿ ಉಳಿಯುವುದು ಅನುಮಾನ.

ಆಮೇಲೆ ದವಾಖಾನೆಗೆ ಹೋದೆ. ಒಂದು ಕೂಸಿನ ತಾಯಿ ಫಕ್ರುನ್ನಿಸಾ ಸರಿದು ಕೂತು ಜಾಗ ಕೊಟ್ಟಳು. ಔಷಧಿ ನಮ್ಮದೇ ಎಂದು ಹೇಳಿಬಿಟ್ಟೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು, "ಹಂಗಾರ ನಿಮಗ ಗೊತ್ತಿರ್ತದ. ನನ್ನ ಕೂಸು ಯಾವಾಗ ಏಳ್ತದ್ರಿ?" ಎಂದು ಕೇಳಿದಳು.

ಸಂಜೆ ಇನ್ನೊಂದು ಕೂಸು ಕಣ್ಣು ಬಿಟ್ಟು ಹಾಲು ಕುಡಿಯಿತು. ಫಕ್ರುನ್ನಿಸಾಳದು ಇನ್ನೂ ಎದ್ದಿಲ್ಲ. ನಾಳೆ ಹೈದರಾಬಾದಿನಲ್ಲಿ ಸಭೆ ಕರೆದಿದ್ದಾರೆ. ಆದರೆ ಅವಳಿಗೆ ಉತ್ತರ ಹೇಳದೆ ನಾನು ಹೇಗೆ ಹೋಗಲಿ?